ಒಂದೇ ಕಣಗಿಲೆಗೆ ಇಬ್ಬರು ಬಾಡಿಗೆದಾರರು

ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟು. ಮನೆ ಕಟ್ಟಿ, ಸಂಪು ತೋಡಿ, ಗಾಡಿ ನಿಲ್ಲಿಸಲು ಜಾಗ ಬಿಟ್ಟ ಮೇಲೆ ಕಾಂಪೌಂಡಿನ ಒಳಮಗ್ಗುಲಲ್ಲಿ ಮೂರಡಿ ಅಗಲದ ಮಣ್ಣು ಉಳಿಯಿತು. ಅದರಲ್ಲಿ ಒಂದು ಕರಿಬೇವು, ಒಂದು ಕಣಗಿಲೆ. ಜಾಲಹಳ್ಳಿ ಕಡೆಯಿಂದ ಬರುವ ರಸ್ತೆಯ ದೂಳೆಲ್ಲ ಈ ಎರಡು ಗಿಡಗಳ ಮೇಲೆಯೇ ಕೂರುವುದೇನೋ ಎಂಬ ಅನುಮಾನ ನನಗೆ. ಮುಂಗಾರಿನ ಎರಡು ಮಳೆ ಬಿದ್ದು ಎಲೆ ತೊಳೆದು ಚಿಗುರು ಹೊರಟರೆ ಸಾಕು, ಕಣಗಿಲೆಗೆ ಬಾಡಿಗೆದಾರರು ಬರುತ್ತಾರೆ. ಅಡ್ವಾನ್ಸು ಕೊಡದೆ, ಹೇಳದೆ ಕೇಳದೆ.

ಒಬ್ಬ ಪಟ್ಟೆ ಅಂಗಿಯವನು. ಬಿಳಿ, ಕಪ್ಪು ಉಂಗುರಗಳ ಮೈ, ಪಕ್ಕೆಯುದ್ದಕ್ಕೂ ಕಿತ್ತಳೆ ಅಂಚು, ಬೆನ್ನಿನ ಮೇಲೆ ನಾಲ್ಕು ಜೊತೆ ಕಪ್ಪು ಎಳೆಗಳು. ನಡೆದಂತೆಲ್ಲ ಆ ಎಳೆಗಳು ತೂಗುತ್ತವೆ. ಎಲೆಯ ಮೇಲ್ಗಡೆ ಹಗಲು ಬೆಳಕಿನಲ್ಲೇ ಕೂತು ಮೇಯುತ್ತಾನೆ. ದನ ಮೂಸದ ಗಿಡ ತಿಂದು ಬದುಕುವವನಿಗೆ ಯಾರ ಭಯ? ಇನ್ನೊಬ್ಬ ಸಂಕೋಚದವನು. ಬೆರಳ ಗಾತ್ರದ ಹಸಿರು ಹುಳು, ಎಲೆಯ ಅಡಿಗೆ ಅಂಟಿಕೊಂಡಿದ್ದರೆ ಎಲೆಯೇ. ಹಿಂಬದಿಯಲ್ಲಿ ಒಂದು ಮೊಂಡು ಕೊಂಬು. ಕಡ್ಡಿಯಿಂದ ಮುಟ್ಟಿದರೆ ತಲೆಯನ್ನು ಒಳಗೆಳೆದು ಕತ್ತು ಉಬ್ಬಿಸುತ್ತಾನೆ. ಆಗ ಕತ್ತಿನ ಮೇಲೆ ಎರಡು ನೀಲಿ ಕಣ್ಣು ದಿಟ್ಟಿಸಿ ನೋಡುತ್ತವೆ. ಅವು ಕಣ್ಣಲ್ಲ, ಬರಿಯ ಬಣ್ಣದ ಬೊಟ್ಟು. ಗೊತ್ತಿದ್ದೂ ಕೈ ಹಿಂದಕ್ಕೆ ಬರುತ್ತದೆ.

ಪಟ್ಟೆ ಅಂಗಿಯವನು ದೊಡ್ಡವನಾದರೆ ಕಾಮನ್ ಕ್ರೋ: ಕಂದುಗಪ್ಪು ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆ ಹೊಲಿದುಕೊಂಡ, ಅವಸರವೇ ಇಲ್ಲದೆ ತೇಲುವ ಚಿಟ್ಟೆ. ಹಸಿರಿನವನು ಓಲಿಯಾಂಡರ್ ಹಾಕ್‌ಮಾತ್: ಹಸಿರು, ಗುಲಾಬಿ, ಬಿಳಿ ಕಲಸಿದ ಅಮೃತಶಿಲೆಯಂಥ ರೆಕ್ಕೆಯ ಪತಂಗ. ಕೂತಾಗ ಅದರ ರೆಕ್ಕೆ ಹಿಂದಕ್ಕೆ ಬಾಗಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಬರುವ ಯುದ್ಧವಿಮಾನವನ್ನು ನೆನಪಿಸುತ್ತದೆ. ಹೀಗೆ ನಮ್ಮ ಕಣಗಿಲೆ ಏಕಕಾಲಕ್ಕೆ ಒಂದು ಚಿಟ್ಟೆಯನ್ನೂ ಒಂದು ಪತಂಗವನ್ನೂ ಸಾಕುತ್ತದೆ. ಒಂದೇ ಎಲೆ, ಒಂದೇ ವಿಷ, ಒಂದೇ ಹಾಲು.

ಪಕ್ಕದ ಮನೆಯ ಹುಡುಗಿ ಆರನೇ ತರಗತಿ. ‘ಚಿಟ್ಟೆಗೂ ಪತಂಗಕ್ಕೂ ಇರುವ ನಾಲ್ಕು ವ್ಯತ್ಯಾಸಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರ ಅವಳಿಗೆ ಬಾಯಿಪಾಠ. ಚಿಟ್ಟೆ ಹಗಲು ಹಾರುತ್ತದೆ, ಪತಂಗ ರಾತ್ರಿ. ಚಿಟ್ಟೆ ರೆಕ್ಕೆ ಮಡಿಚಿ ಕೂರುತ್ತದೆ, ಪತಂಗ ಹರಡಿ. ಚಿಟ್ಟೆಯ ಮೀಸೆಯ ತುದಿಯಲ್ಲಿ ಗುಂಡು, ಪತಂಗದ್ದು ಗರಿಯಂತೆ. ಪತಂಗ ಗೂಡು ಕಟ್ಟುತ್ತದೆ, ಚಿಟ್ಟೆ ಕಟ್ಟುವುದಿಲ್ಲ. ಅವಳು ಹೇಳಿ ಮುಗಿಸುವಷ್ಟರಲ್ಲಿ ಅವಳ ಅಜ್ಜಿ ಕಾಂಪೌಂಡಿನ ಆಚೆಯಿಂದ ತೀರ್ಪು ಕೊಟ್ಟರು: “ಎಲ್ಡೂ ಚಿಟ್ಟೇನೇ ಕಣಪ್ಪಾ. ಅದೇನು ಬ್ಯಾರೆ ಬ್ಯಾರೆ ಮಾಡ್ತೀರಾ?”

ಅಜ್ಜಿ ಶಿಡ್ಲಘಟ್ಟದ ಕಡೆಯವರು. ಮದುವೆಯಾದಾಗಿನಿಂದ ನಲವತ್ತು ವರ್ಷ ರೇಷ್ಮೆ ಹುಳು ಮನೆಯಲ್ಲಿ ದುಡಿದವರು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಚಾಕಿ ಹುಳುವಿಗೆ ಹಾಕಿದವರು, ಜ್ವರಕ್ಕೆ ಕೂತ ಹುಳುವಿನ ತಟ್ಟೆಯ ಮುಂದೆ ಸದ್ದು ಮಾಡದೆ ಓಡಾಡಿದವರು, ಹಣ್ಣಾದ ಹುಳು ಆರಿಸಿ ಚಂದ್ರಂಕಿಗೆ ಬಿಟ್ಟವರು. ಆ ಕಸುಬಿನಲ್ಲಿ ಬಿತ್ತನೆ ಗೂಡು ಕೊರೆದು ಹೊರಬರುವ ಬಿಳಿಯ, ಮೈತುಂಬ ಪುಡಿಯ, ಹಾರಲಾರದ ಜೀವಕ್ಕೆ ಚಿಟ್ಟೆ ಎಂದೇ ಹೆಸರು. ಪ್ರಾಣಿಶಾಸ್ತ್ರದ ಲೆಕ್ಕಕ್ಕೆ ಅದು ಅಪ್ಪಟ ಪತಂಗ. ಶಾಲೆಯ ಪುಸ್ತಕದ ಪ್ರಕಾರ ಅಜ್ಜಿ ತಪ್ಪು, ಮೊಮ್ಮಗಳು ಸರಿ. ಈ ಅಧ್ಯಾಯ ಮುಗಿಯುವ ಹೊತ್ತಿಗೆ ಅಜ್ಜಿಯ ಕಡೆ ವಾಲುವ ಅಪಾಯವಿದೆ ಎಂದು ಈಗಲೇ ಹೇಳಿಬಿಡುತ್ತೇನೆ.

ನಮ್ಮ ಭಾಷೆಯೂ ಅಜ್ಜಿಯ ಪಕ್ಷವೇ. ‘ಚಿಟ್ಟೆ’ ಎಂಬ ಮಾತು ಎರಡನ್ನೂ ಹೊದ್ದುಕೊಳ್ಳುತ್ತದೆ. ಉತ್ತರ ಕರ್ನಾಟಕದ ‘ಪಾತರಗಿತ್ತಿ’ಯಲ್ಲಿ ಕುಣಿಯುವವಳ ಬಳುಕು ಇದೆಯೇ ಹೊರತು ಹಗಲು-ರಾತ್ರಿಯ ಲೆಕ್ಕವಿಲ್ಲ. ನಮ್ಮ ಬೀದಿಯ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು. ಅವರದು ‘ಸೀತಾಕೋಕಚಿಲುಕ’, ಸೀತೆಯ ಸೀರೆಯ ಗಿಳಿ. ಇಷ್ಟು ಚೆಂದದ ಹೆಸರು ಇನ್ಯಾವ ಭಾಷೆಯಲ್ಲೂ ಇಲ್ಲವೆಂದು ಅವರ ವಾದ, ನನ್ನ ತಕರಾರಿಲ್ಲ. ಫ್ರೆಂಚರಿಗೆ ಚಿಟ್ಟೆ ‘ಪಾಪಿಯೋಂ’, ಪತಂಗ ‘ರಾತ್ರಿಯ ಪಾಪಿಯೋಂ’. ಎರಡಕ್ಕೂ ಗೋಡೆ ಕಟ್ಟಿ ಬೇರೆ ಬೇರೆ ಬಾಗಿಲು ಇಟ್ಟದ್ದು ಇಂಗ್ಲಿಷು. ನಮ್ಮ ಪಠ್ಯಪುಸ್ತಕಗಳು ಆ ಬಾಗಿಲುಗಳಿಗೆ ಕನ್ನಡದ ಬೋರ್ಡು ತಗುಲಿಸಿದವು: ಬಟರ್‌ಫ್ಲೈ ಎಂದರೆ ಚಿಟ್ಟೆ, ಮಾತ್ ಎಂದರೆ ಪತಂಗ.

ಹಾಗಾದರೆ ಗೋಡೆ ಎಷ್ಟು ಗಟ್ಟಿ? ಒಂದೊಂದೇ ಇಟ್ಟಿಗೆ ತಟ್ಟಿ ನೋಡೋಣ.

ಹಗಲು-ರಾತ್ರಿಯ ನಿಯಮವನ್ನು ಮುರಿಯಲು ನಮ್ಮ ಮನೆಯ ಮೆಟ್ಟಿಲೇ ಸಾಕು. ಸಂಜೆ ಆರೂವರೆಯ ಮೇಲೆ ಅಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಬಂದು ಬಡಿಯುವ ಕಂದು ರೆಕ್ಕೆಯದು ಬಹಳ ಸಲ ಪತಂಗವಲ್ಲ, ಕಾಮನ್ ಈವನಿಂಗ್ ಬ್ರೌನ್ ಎಂಬ ಚಿಟ್ಟೆ. ಇದರ ಹುಳು ಹುಲ್ಲು ಮತ್ತು ಭತ್ತದ ಗರಿ ತಿಂದು ಬೆಳೆಯುತ್ತದೆ. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಉಂಗುರಗಳು. ಬೇಸಿಗೆಯಲ್ಲಿ ಹುಟ್ಟಿದ್ದಕ್ಕೆ ಉಂಗುರಗಳು ಅಳಿಸಿಹೋಗಿ ರೆಕ್ಕೆ ಥೇಟು ತರಗೆಲೆ. ಹಗಲೆಲ್ಲ ಕಸದಲ್ಲಿ ಕಸವಾಗಿ ಬಿದ್ದಿದ್ದು ಮುಸ್ಸಂಜೆಗೆ ಏಳುತ್ತದೆ. ಇತ್ತ ಪತಂಗಗಳಲ್ಲಿ ಹಗಲುಗಳ್ಳರು ಬೇಕಾದಷ್ಟಿದ್ದಾರೆ. ಶ್ರೀಗಂಧದ ಎಲೆ ತಿಂದು ಬೆಳೆದು ಕಣಜದ ವೇಷದಲ್ಲಿ ಮಟಮಟ ಮಧ್ಯಾಹ್ನ ಹಾರುವ ಅಮಾಟಾ ಪಸಾಲಿಸ್ ಬೆಂಗಳೂರಿನ ತೋಟಗಳಲ್ಲಿ ಸಾಮಾನ್ಯ. ಕಾಫಿ ಗಿಡದಲ್ಲಿ ಬೆಳೆಯುವ ಸೆಫನೋಡಿಸ್ ಹೈಲಾಸ್ ಎಂಬ ಹಾಕ್‌ಮಾತ್‌ಗೆ ಗಾಜಿನಂಥ ಪಾರದರ್ಶಕ ರೆಕ್ಕೆ. ಕೋಶದಿಂದ ಬಂದಾಗ ಅದರ ಮೇಲೂ ಪುಡಿ ಇರುತ್ತದೆ, ಮೊದಲ ಹಾರಾಟಕ್ಕೇ ಉದುರಿಹೋಗುತ್ತದೆ. ಬಿಸಿಲಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ಅದನ್ನು ಕಂಡವರು ದುಂಬಿ ಎನ್ನುತ್ತಾರೆ, ಪುಟ್ಟ ಹಕ್ಕಿ ಎನ್ನುತ್ತಾರೆ. ಪತಂಗ ಎನ್ನುವವರನ್ನು ನಾನಿನ್ನೂ ಕಂಡಿಲ್ಲ.

ಟ್ಯೂಬ್‌ಲೈಟಿನ ಮಾತು ಬಂದದ್ದರಿಂದ ಒಂದು ಅಡ್ಡದಾರಿ. ದೀಪದ ಮೋಹಕ್ಕೆ ಸಿಕ್ಕಿ ಸುಟ್ಟುಕೊಳ್ಳುವ ಪತಂಗವನ್ನು ಕವಿಗಳು ಪ್ರೇಮಿಯೆಂದರು, ಸಂತರು ಭಕ್ತನೆಂದರು, ನಮ್ಮ ಮೇಷ್ಟ್ರು ದಡ್ಡನೆಂದರು. 2024ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಮೂವರ ಮಾತನ್ನೂ ತಳ್ಳಿಹಾಕಿತು. ಅತಿವೇಗದ ಕ್ಯಾಮೆರಾಗಳಲ್ಲಿ ಹಾರಾಟ ಹಿಡಿದು ನೋಡಿದಾಗ ಕೀಟಗಳು ದೀಪದ ಕಡೆಗೆ ನೇರ ಹೋಗುತ್ತಲೇ ಇರಲಿಲ್ಲ. ದೀಪಕ್ಕೆ ಬೆನ್ನು ತಿರುಗಿಸಿ ಅದರ ಸುತ್ತ ಗಿರಕಿ ಹೊಡೆಯುತ್ತಿದ್ದವು. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶಕ್ಕೇ ಬೆಳಕು ಹೆಚ್ಚು. ಬೆಳಕಿರುವ ಕಡೆಗೆ ಬೆನ್ನು ಮಾಡಿದರೆ ಮೇಲು-ಕೆಳಗು ತಪ್ಪುವುದಿಲ್ಲ ಎಂಬುದು ಕೋಟಿ ವರ್ಷಗಳ ರೂಢಿ. ಬೀದಿದೀಪ ಬಂದು ಆ ರೂಢಿಯನ್ನೇ ಬಲೆ ಮಾಡಿತು. ಮೋಹವಲ್ಲ, ದಿಕ್ಕು ತಪ್ಪಿದ್ದು.

ರೆಕ್ಕೆ ಮಡಿಚುವ ನಿಯಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಚಳಿಗೆ ಮೈ ಕಾಯಿಸಲು ಚಿಟ್ಟೆಗಳೂ ರೆಕ್ಕೆ ಹರಡುತ್ತವೆ, ರೆಕ್ಕೆ ಎತ್ತಿ ಜೋಡಿಸಿ ಕೂರುವ ಪತಂಗಗಳೂ ಇವೆ. ಗೂಡಿನ ನಿಯಮವನ್ನು ನಮ್ಮ ಕಣಗಿಲೆಯೇ ಸುಳ್ಳು ಮಾಡುತ್ತದೆ. ಪಟ್ಟೆಹುಳು ಎಲೆಯಡಿ ತಲೆಕೆಳಗಾಗಿ ತೂಗಿ, ಚರ್ಮ ಕಳಚಿ, ಕನ್ನಡಿಯಂತೆ ಹೊಳೆಯುವ ಕೋಶವಾಗುತ್ತದೆ. ಬೆಳ್ಳಿಯ ಜುಮಕಿ ಎಂದರೆ ಸರಿಯಾದೀತು. ಕಣ್ಣು ಹತ್ತಿರ ತಂದರೆ ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ. ಹಸಿರು ಹುಳು ಮೈಬಣ್ಣ ಕಂದಿಸಿಕೊಂಡು ಕೆಳಗಿಳಿದು, ಒಣಗಿದ ಎಲೆಯ ಅಡಿಯಲ್ಲೋ ಸಡಿಲ ಮಣ್ಣಿನಲ್ಲೋ ಸೇರಿಕೊಳ್ಳುತ್ತದೆ. ಅದು ನೇಯುವುದು ನಾಲ್ಕಾರು ಎಳೆ ಮಾತ್ರ. ಗೂಡು ಎಂದು ಅದನ್ನು ತೋರಿಸಿದರೆ ಅಜ್ಜಿ ನಗುತ್ತಾರೆ. ನೂರಾರು ಮೀಟರ್ ಉದ್ದದ ಒಂದೇ ಎಳೆಯಿಂದ ಕಟ್ಟಿದ ಗೂಡುಗಳನ್ನು ಬುಟ್ಟಿಗಟ್ಟಲೆ ಮಾರುಕಟ್ಟೆಗೆ ಹಾಕಿದ ಕೈ ಅವರದು.

ಮೀಸೆಯ ನಿಯಮ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಹೊಲದಲ್ಲಿ ನಿಂತು ಒಂದೇ ಗುರುತು ಹೇಳಿ ಎಂದರೆ ನಾನೂ ಅದನ್ನೇ ಹೇಳುತ್ತೇನೆ. ಚಿಟ್ಟೆಯ ಮೀಸೆ ಬೆಂಕಿಕಡ್ಡಿ: ತೆಳ್ಳನೆಯ ಕಡ್ಡಿ, ತುದಿಗೆ ಗುಂಡು. ಪತಂಗದ್ದು ದಾರದಂತೆಯೋ ಗರಿಯಂತೆಯೋ ಬಾಚಣಿಗೆಯಂತೆಯೋ ಇರುತ್ತದೆ. ಗಂಡು ರೇಷ್ಮೆ ಚಿಟ್ಟೆಯ ಮೀಸೆ ಬಾಚಣಿಗೆಯಂತಿರುವುದು ಅಲಂಕಾರಕ್ಕಲ್ಲ, ಹೆಣ್ಣು ಬಿಡುವ ವಾಸನೆಯ ಒಂದೊಂದು ಕಣವನ್ನೂ ಸೋಸಿಕೊಳ್ಳಲು. ಹಗಲು ಕಣ್ಣಿನಿಂದ ಜೊತೆ ಹುಡುಕುವ ಚಿಟ್ಟೆಗೆ ಅಷ್ಟು ದೊಡ್ಡ ಮೂಗು ಬೇಕಿಲ್ಲ. ಆದರೂ ಇಲ್ಲಿಯೂ ಬಿರುಕುಗಳಿವೆ. ಕ್ಯಾಸ್ಟ್ನಿಯಿಡೇ ಎಂಬ ಬಳಗದ ಪತಂಗಗಳಿಗೆ ಚಿಟ್ಟೆಯಂಥದೇ ಗುಂಡುತುದಿಯ ಮೀಸೆ. ನಮ್ಮ ಅರಿಶಿನದ ಎಲೆ ಸುತ್ತಿಕೊಂಡು ಬೆಳೆಯುವ ಗ್ರಾಸ್ ಡೀಮನ್ ಮತ್ತು ಅದರ ನೆಂಟರಾದ ಸ್ಕಿಪ್ಪರ್‌ಗಳದು ತುದಿಯಲ್ಲಿ ಕೊಕ್ಕೆಯಾಗಿ ಬಾಗಿದ ಮೀಸೆ. ದಪ್ಪ ಮೈ, ಮಂಕು ಬಣ್ಣ, ಜಿಗಿದು ಜಿಗಿದು ಹಾರುವ ಚಾಳಿ. ನೋಡಿದವರು ಪತಂಗ ಎಂದೇ ಹೇಳುವ ಇವು ಚಿಟ್ಟೆಗಳು.

ಶಾಲೆಯ ಪುಸ್ತಕದಲ್ಲಿ ಬರದ ಐದನೆಯ ಗುರುತು ಒಂದಿದೆ, ತಜ್ಞರಿಗೆ ಅದರ ಮೇಲೆ ನಂಬಿಕೆ ಜಾಸ್ತಿ. ಹಾರುವಾಗ ಮುಂದಿನ ರೆಕ್ಕೆ ಹಿಂದಿನ ರೆಕ್ಕೆ ಒಟ್ಟಿಗೆ ಬಡಿಯಬೇಕಲ್ಲ. ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಒಂದು ಬಿರುಗೂದಲು ಹೊರಟು ಮುಂದಿನ ರೆಕ್ಕೆಯ ಅಡಿಯಲ್ಲಿರುವ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ, ರವಿಕೆಯ ಹುಕ್ಕಿನ ಹಾಗೆ. ಚಿಟ್ಟೆಗಳಿಗೆ ಹುಕ್ಕಿಲ್ಲ; ಒಂದು ರೆಕ್ಕೆಯ ಅಂಚು ಇನ್ನೊಂದರ ಮೇಲೆ ಅಗಲವಾಗಿ ಹಾಸಿಕೊಂಡೇ ಕೆಲಸ ನಡೆಯುತ್ತದೆ. ಎಷ್ಟು ಅಚ್ಚುಕಟ್ಟು ಎನ್ನುವಷ್ಟರಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಪವಾದ ಬರುತ್ತದೆ. ಅಲ್ಲಿನ ರೀಜೆಂಟ್ ಸ್ಕಿಪ್ಪರ್ ಎಂಬ ಚಿಟ್ಟೆಯ ಗಂಡಿಗೆ ಹುಕ್ಕು ಇದೆ. ಹೆಣ್ಣಿಗೆ ಇಲ್ಲ! ಒಂದೇ ಜಾತಿಯ ಗಂಡನನ್ನು ಪತಂಗವೆಂದೂ ಹೆಂಡತಿಯನ್ನು ಚಿಟ್ಟೆಯೆಂದೂ ಬರೆಯಲಾದೀತೆ?

ಇಷ್ಟು ರಂಧ್ರಗಳಿರುವ ಗೋಡೆಯನ್ನು ಕಟ್ಟಿದ್ದು ಯಾರು? ಮೊದಲ ಸಾಲಿನ ಇಟ್ಟಿಗೆ ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಲಿನೇಯಸ್‌ನದು. ಹುರುಪೆಯ ರೆಕ್ಕೆ ಎಂಬ ಅರ್ಥದ ಲೆಪಿಡಾಪ್ಟೆರಾ ಗಣದೊಳಗೆ ಅವನು 1758ರ ‘ಸಿಸ್ಟಮಾ ನ್ಯಾಚುರೇ’ ಹತ್ತನೆಯ ಆವೃತ್ತಿಯಲ್ಲಿ ಮೂರು ಕುಲ ಮಾಡಿದ. ಮೀಸೆ ತುದಿಯಲ್ಲಿ ದಪ್ಪಗಿದ್ದರೆ ಪಾಪಿಲಿಯೋ, ನಡುವೆ ದಪ್ಪಗಿದ್ದರೆ ಸ್ಫಿಂಕ್ಸ್, ದಾರದಂತಿದ್ದರೆ ಫಲೀನಾ. ಮೂರು, ಎರಡಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಕಣಗಿಲೆಯ ಹಸಿರು ಹುಳುವಿನ ತಾಯಿ ಅವನ ಪುಸ್ತಕದಲ್ಲಿ ಸ್ಫಿಂಕ್ಸ್ ನೇರಿಯೈ, ಕಣಗಿಲೆಯ ಸ್ಫಿಂಕ್ಸ್. ಹುಳು ತಲೆಯೆತ್ತಿ ನಿಶ್ಚಲ ಕೂರುವ ಭಂಗಿ ಈಜಿಪ್ಟಿನ ಆ ಕಲ್ಲುಮೂರ್ತಿಯಂತೆ ಕಂಡಿತ್ತು. ಪಾಪಿಲಿಯೋ ಒಳಗೆ ಅವನು ಗ್ರೀಕ್ ಪುರಾಣ ತುಂಬಿಸಿದ. ದೊಡ್ಡ ಚಿಟ್ಟೆಗಳು ಯೋಧರು. ಎದೆಯಲ್ಲಿ ರಕ್ತದ ಕೆಂಪಿದ್ದವು ಟ್ರಾಯ್ ಪಕ್ಷ, ಇಲ್ಲದವು ಗ್ರೀಕರ ಪಕ್ಷ. ಕಪ್ಪು ರೆಕ್ಕೆ, ಕೆಂಪು ಮೈಯ ನಮ್ಮ ಕ್ರಿಮ್ಸನ್ ರೋಸ್‌ಗೆ ಹೆಕ್ಟರ್ ಎಂಬ ಹೆಸರು ಬಂದದ್ದು ಹಾಗೆ. ಸಣ್ಣಪುಟ್ಟವು ಪ್ಲೆಬಿಯೈ, ಅಂದರೆ ಸಾಮಾನ್ಯ ಪ್ರಜೆಗಳು. ಅವರಲ್ಲೂ ಹಳ್ಳಿಗರು, ಪಟ್ಟಣಿಗರು ಎಂದು ಎರಡು ಪಂಗಡ. ಸ್ಕಿಪ್ಪರ್‌ಗಳು ಪಟ್ಟಣಿಗರ ಪಾಲಿಗೆ ಬಿದ್ದವು. ಅರಿಶಿನದ ಮಡಿಯಲ್ಲಿ ಹುಟ್ಟುವ ಜೀವಕ್ಕೆ ಆ ಪಟ್ಟ ಹೇಗೆ ಹೊಂದಿತೋ. ಊರೇ ನಗರವಾಗಿಬಿಟ್ಟ ಶೆಟ್ಟಿಹಳ್ಳಿಯಲ್ಲಿ ಈಗ ಒಪ್ಪುತ್ತದೆ ಬಿಡಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೂರು ಎರಡಾಯಿತು. ಗದೆಯಂಥ ಮೀಸೆಯವು ರೋಪಲೋಸೆರಾ, ಉಳಿದವು ಹೆಟೆರೋಸೆರಾ. ಎರಡನೆಯ ಮಾತಿನ ಅರ್ಥ ‘ಬೇರೆ ಮೀಸೆಯವು’. ಇಡೀ ಜಗಳದ ಬೇರು ಈ ಒಂದು ಪದದಲ್ಲಿದೆ. ಅದು ಒಂದು ಬಳಗದ ಹೆಸರಲ್ಲ, ಬಳಗಕ್ಕೆ ಸೇರದವರ ಪಟ್ಟಿ. ಸರ್ಕಾರಿ ಅರ್ಜಿಯ ಕೊನೆಯಲ್ಲಿ ‘ಇತರೆ’ ಎಂಬ ಕಾಲಂ ಇರುತ್ತದಲ್ಲ, ಹಾಗೆ. ಆ ಕಾಲಂನಲ್ಲಿ ಟಿಕ್ ಹಾಕಿದವರು ಪರಸ್ಪರ ನೆಂಟರಾಗಬೇಕೆಂದೇನೂ ಇಲ್ಲ. ಈ ‘ಇತರೆ’ಯ ಗಾತ್ರವೋ! ಜಗತ್ತಿನಲ್ಲಿ ಹೆಸರು ಪಡೆದ ಲೆಪಿಡಾಪ್ಟೆರಾ ಜಾತಿಗಳು ಸುಮಾರು 1,57,000. ಅವುಗಳಲ್ಲಿ ಚಿಟ್ಟೆಗಳು ಸುಮಾರು 18,500. ಮಿಕ್ಕಿದ್ದೆಲ್ಲ ಪತಂಗ. ಅಂಗೈಯಗಲದ ರೆಕ್ಕೆಯ ಅಟ್ಲಾಸ್ ಪತಂಗವೂ, ಜೋಳದ ಹಿಟ್ಟಿನ ಡಬ್ಬಿಯಿಂದ ಹಾರುವ ಅಕ್ಕಿಕಾಳಿನಷ್ಟರ ಹುಳವೂ ಒಂದೇ ಕಾಲಂನಲ್ಲಿ.

ಮೀಸೆ, ರೆಕ್ಕೆ, ಬಣ್ಣ ನೋಡಿ ವಿಂಗಡಿಸಿದ ಇವರೆಲ್ಲ ಹೆಚ್ಚಾಗಿ ಸತ್ತ, ಸೂಜಿ ಚುಚ್ಚಿದ ಪ್ರಾಣಿಗಳ ಮೇಲೆ ದುಡಿದವರು. ಬದುಕಿರುವ ಹುಳುವಿನಿಂದ ಶುರು ಮಾಡಬೇಕೆಂದು ಹೊರಟ ಮೂವರು ನಮ್ಮ ಕಾರವಾರದಲ್ಲಿದ್ದರು. ಆಗ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಜೇಮ್ಸ್ ಡೇವಿಡ್‌ಸನ್ ಅಲ್ಲಿ ಕಲೆಕ್ಟರ್. ಇ.ಎಚ್. ಏಟ್ಕನ್ ಉಪ್ಪು ಮತ್ತು ಸುಂಕದ ಇಲಾಖೆಯವರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದವರಲ್ಲಿ ಒಬ್ಬರು, ‘ಈಹಾ’ ಎಂಬ ಹೆಸರಿನ ಹಾಸ್ಯ ಲೇಖಕ. ಮೂರನೆಯವರು ಅರಣ್ಯಾಧಿಕಾರಿ ಟಿ.ಆರ್. ಬೆಲ್. ಕಂದಾಯ, ಉಪ್ಪು, ಕಾಡು: ಸರ್ಕಾರದ ಮೂರು ಖಾತೆಗಳು ಸಂಜೆ ಒಟ್ಟಾಗಿ ಹುಳು ಸಾಕಿದವು ಎನ್ನಬಹುದು. 1896-97ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಮೂವರ ಹೆಸರಿನಲ್ಲಿ ಲೇಖನಮಾಲೆ ಬಂತು. ಮೊಟ್ಟೆ ಎಲ್ಲಿಡುತ್ತದೆ, ಹುಳು ಯಾವ ಗಿಡ ತಿನ್ನುತ್ತದೆ, ಕೋಶ ಹೇಗೆ ತೂಗುತ್ತದೆ, ಇದೆಲ್ಲ ಅದರಲ್ಲಿತ್ತು. ಉಳಿದಿಬ್ಬರು ಆಮೇಲೆ ಹೊರಟುಹೋದರು. ಬೆಲ್ ನಿವೃತ್ತಿಯ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಚಿಟ್ಟೆ ಸಾಕಿದ ಕೈಯಲ್ಲೇ ಅವರು ಹಾಕ್‌ಮಾತ್‌ಗಳನ್ನೂ ಸಾಕಿದರು; 1937ರಲ್ಲಿ ಸ್ಕಾಟ್ ಎಂಬವರ ಜೊತೆ ಬರೆದ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಹಾಕ್‌ಮಾತ್ ಸಂಪುಟ ಈಗಲೂ ಕೆಲಸಕ್ಕೆ ಬರುವ ಪುಸ್ತಕ. ಇವರ ಪಾಲಿಗೆ ಗೋಡೆಯ ಎರಡು ಕಡೆಯೂ ಕೆಲಸ ಒಂದೇ ಆಗಿತ್ತು: ಸೊಪ್ಪು ತರುವುದು, ಹಿಕ್ಕೆ ಬಳಿಯುವುದು, ಕಾಯುವುದು. ಶಿಡ್ಲಘಟ್ಟದ ಅಜ್ಜಿಗೆ ಬೆಲ್ ಸಾಹೇಬರ ಮಾತು ಥಟ್ಟನೆ ಅರ್ಥವಾಗುತ್ತಿತ್ತು.

ಹುಳುವಿನಿಂದ ಶುರು ಮಾಡುವುದು ಏಕೆ ಮುಖ್ಯ ಎಂದರೆ ದೊಡ್ಡವಾದ ಮೇಲೆ ಚಿಟ್ಟೆಗಳು ಸುಳ್ಳು ಹೇಳುತ್ತವೆ. ನಮ್ಮ ಕಾಮನ್ ಕ್ರೋ ವಿಷದ ಚಿಟ್ಟೆ, ಹಕ್ಕಿಗಳು ಬಾಯಿಗಿಡವು. ಅದೇ ಕಂದುಗಪ್ಪು ಬಣ್ಣ, ಅದೇ ಬಿಳಿ ಚುಕ್ಕೆ, ಅದೇ ನಿಧಾನದ ಹಾರಾಟ ಕಲಿತ ಇನ್ನೊಂದು ಚಿಟ್ಟೆ ಇದೆ, ಕಾಮನ್ ಮೈಮ್. ಅದು ಕ್ರೋ ಬಳಗದ್ದೇ ಅಲ್ಲ; ನಿಂಬೆ ಗಿಡದ ಲೈಮ್ ಚಿಟ್ಟೆಯ ನೆಂಟ. ಎರಡನ್ನೂ ಬೇರೆ ಮಾಡುವ ಒಂದು ಸುಲಭ ಉಪಾಯ ಕಾಲು ಎಣಿಸುವುದು. ಕೀಟ ಎಂದ ಮೇಲೆ ಆರು ಕಾಲು ಇರಲೇಬೇಕು. ಆದರೆ ಕ್ರೋ ಸೇರಿರುವ ನಿಂಫಾಲಿಡೇ ಕುಟುಂಬದಲ್ಲಿ ಮುಂದಿನ ಜೊತೆ ಕುಗ್ಗಿ ಬ್ರಷ್ಷಿನಂತಾಗಿ ಎದೆಗೆ ಒತ್ತಿಕೊಂಡಿರುತ್ತದೆ. ಚಿಟ್ಟೆ ನಾಲ್ಕೇ ಕಾಲಲ್ಲಿ ನಿಲ್ಲುತ್ತದೆ. ಮೈಮ್ ಸೇರಿರುವ ಪಾಪಿಲಿಯೋನಿಡೇ ಕುಟುಂಬದ್ದು ಆರೂ ಕಾಲಿನ ನಿಲುವು. ರೆಕ್ಕೆಗೆ ಬಣ್ಣ ಬಳಿದುಕೊಂಡ ಮೋಸಗಾರ ಕಾಲು ಮುಚ್ಚಿಕೊಳ್ಳಲು ಮರೆತ.

ಕರಿಬೇವಿನ ಗಿಡಕ್ಕೆ ಬರುವ ಕಾಮನ್ ಮಾರ್ಮನ್ ಇನ್ನೂ ಜಾಣ. ಗಂಡು ಒಂದೇ ಬಗೆ, ಹೆಣ್ಣು ಹಲವು ಬಗೆ. ಕೆಲವು ಹೆಣ್ಣುಗಳು ಗಂಡಿನಂತೆಯೇ. ಕೆಲವು ಕ್ರಿಮ್ಸನ್ ರೋಸ್‌ನಂತೆ, ಇನ್ನು ಕೆಲವು ಕಾಮನ್ ರೋಸ್‌ನಂತೆ, ಎಂದರೆ ವಿಷದ ಚಿಟ್ಟೆಗಳ ವೇಷದಲ್ಲಿ. ಒಬ್ಬ ತಾಯಿಯ ಮಕ್ಕಳಲ್ಲೇ ಇಷ್ಟು ಮುಖ. ಇದಕ್ಕೆಲ್ಲ ಗಂಡು-ಹೆಣ್ಣಿನ ಲಕ್ಷಣ ನಿರ್ಧರಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಕೀಲಿಕೈ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುಂಟೆಯವರ ಪ್ರಯೋಗಾಲಯ ಇರುವುದು ನಮ್ಮ ಉತ್ತರ ಬೆಂಗಳೂರಿನಲ್ಲೇ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ. ಶೆಟ್ಟಿಹಳ್ಳಿಯ ಕರಿಬೇವು ತಿಂದ ಹುಳುವಿನ ಬಂಧುಗಳ ವಿಚಾರ ಹೆಬ್ಬಾಳದ ಆಚೆಯೇ ತೀರ್ಮಾನವಾಗುತ್ತದೆ ಎಂಬುದು ನನಗೆ ಸಣ್ಣ ಹೆಮ್ಮೆ.

ರೂಪ ಇಷ್ಟು ಸುಳ್ಳಾಡುವಾಗ ವಂಶವನ್ನೇ ಕೇಳಬೇಕು. ಡಿಎನ್‌ಎ ಓದುವುದು ಅಗ್ಗವಾದ ಮೇಲೆ ಅದು ಸಾಧ್ಯವಾಯಿತು. ಫ್ಲಾರಿಡಾದ ಅಕಿಟೊ ಕವಾಹರಾ ಮತ್ತು ಜೊತೆಗಾರರು 2023ರಲ್ಲಿ 2,244 ಚಿಟ್ಟೆ ಜಾತಿಗಳ 391 ಜೀನ್‌ಗಳನ್ನು ಹೋಲಿಸಿ ವಂಶವೃಕ್ಷ ಬರೆದರು. ಸುಮಾರು 10 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದಾಗ, ಅಮೆರಿಕ ಖಂಡಗಳಲ್ಲಿ ಪತಂಗಗಳ ಒಂದು ಶಾಖೆ ಹಗಲಿಗೆ ಹೊರಳಿತು. ಅದೊಂದೇ ಶಾಖೆಯ ಮಕ್ಕಳು ಇವತ್ತಿನ ಎಲ್ಲ ಚಿಟ್ಟೆಗಳು. ಮರದ ತುಂಬ ಪತಂಗದ ಕೊಂಬೆಗಳೇ. ನಡುವೆಲ್ಲೋ ಒಂದು ರೆಂಬೆಗೆ ಮಾತ್ರ ಚಿಟ್ಟೆ ಎಂಬ ಚೀಟಿ. ಹಾಗಾಗಿ ‘ಚಿಟ್ಟೆ’ ನಿಜವಾದ ಬಳಗ, ಒಂದೇ ಅಜ್ಜಿಯ ಮೊಮ್ಮಕ್ಕಳು. ‘ಪತಂಗ’ ಬಳಗವೇ ಅಲ್ಲ, ಆ ರೆಂಬೆಯನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಮರ. ಚಿಟ್ಟೆಗೂ ಪತಂಗಕ್ಕೂ ವ್ಯತ್ಯಾಸ ಬರೆಯಿರಿ ಎನ್ನುವುದು ಶೆಟ್ಟಿಹಳ್ಳಿಯವರಿಗೂ ಬೆಂಗಳೂರಿನವರಿಗೂ ವ್ಯತ್ಯಾಸ ಬರೆಯಿರಿ ಎಂದ ಹಾಗೆ.

ರೆಂಬೆಯ ಒಳಗೂ ಪೀಠಗಳು ಅದಲುಬದಲಾದವು. ಹಳೆಯ ಪುಸ್ತಕಗಳು ಸ್ಕಿಪ್ಪರ್‌ಗಳನ್ನು ‘ನಿಜವಾದ ಚಿಟ್ಟೆ’ಗಳ ಪಂಕ್ತಿಯಿಂದ ಹೊರಗೆ, ಜಗಲಿಯ ಮೇಲೆ ಕೂರಿಸುತ್ತಿದ್ದವು. ವಂಶವೃಕ್ಷದ ಪ್ರಕಾರ ಚಿಟ್ಟೆಗಳಲ್ಲಿ ಎಲ್ಲರಿಗಿಂತ ಮೊದಲು ಬೇರೆ ಮನೆ ಮಾಡಿದ್ದು ಪಾಪಿಲಿಯೋನಿಡೇ, ಅಂದರೆ ಲಿನೇಯಸ್‌ನ ಯೋಧರ ಕುಟುಂಬ. ಕಣಗಿಲೆಯ ಕ್ರೋಗೆ ಅರಿಶಿನದೆಲೆಯ ಮಂಕು ಸ್ಕಿಪ್ಪರ್ ಹತ್ತಿರದ ನೆಂಟ, ಕರಿಬೇವಿನ ಬೆಡಗಿನ ಮಾರ್ಮನ್ ದೂರದವನು. ಹಾಗೆಯೇ ಕ್ರೋ, ಟೈಗರ್ ಚಿಟ್ಟೆಗಳು, ಮೆಟ್ಟಿಲಿನ ಈವನಿಂಗ್ ಬ್ರೌನ್ ಹಿಂದೆ ತಮ್ಮದೇ ಕುಟುಂಬಗಳಲ್ಲಿದ್ದವು. ಈಗ ಎಲ್ಲವೂ ನಿಂಫಾಲಿಡೇ ಎಂಬ ಕೂಡು ಕುಟುಂಬಕ್ಕೆ ಮರಳಿವೆ. ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಹೆಡಿಲಿಡೇ ಎಂಬ ಪಂಗಡದಿಂದ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಬೂದು ಜೀವಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ, ಮೀಸೆಯಲ್ಲಿ ಗುಂಡಿಲ್ಲ, ಬಾವಲಿಯ ಸದ್ದು ಕೇಳಲು ರೆಕ್ಕೆಯ ಬುಡದಲ್ಲಿ ಕಿವಿ ಬೇರೆ. ಎಲ್ಲ ಬಗೆಯಲ್ಲೂ ಪತಂಗ. ಇವು ಚಿಟ್ಟೆಗಳೇ ಎಂದು ಮಾಲ್ಕಮ್ ಸ್ಕೋಬಲ್ 1986ರಲ್ಲಿ ವಾದಿಸಿದರು, ಆಮೇಲೆ ಡಿಎನ್‌ಎ ಅದಕ್ಕೆ ಮೊಹರು ಒತ್ತಿತು. ಅವಕ್ಕೆ ಅತಿ ಸಮೀಪದ ನೆಂಟರು ಯಾರು ಗೊತ್ತೆ? ಜಗಲಿಯ ಮೇಲಿದ್ದ ಸ್ಕಿಪ್ಪರ್‌ಗಳು.

ಚಿಟ್ಟೆಗಳ ಶಾಖೆ ಹಗಲಿಗೆ ಬಂದದ್ದಾದರೂ ಏಕೆ? ಬಾವಲಿಗಳಿಗೆ ಹೆದರಿ ಎಂಬ ಉತ್ತರ ಬಹಳ ಕಾಲ ಚಲಾವಣೆಯಲ್ಲಿತ್ತು, ಕೇಳಲೂ ಚೆನ್ನಾಗಿತ್ತು. ಕಾಲದ ಲೆಕ್ಕ ಅದನ್ನು ಕೆಡಿಸಿತು. ನಮಗೆ ಸಿಕ್ಕಿರುವ ಅತಿ ಹಳೆಯ ಬಾವಲಿ ಪಳೆಯುಳಿಕೆಗಳಿಗೆ ಐದು ಕೋಟಿ ವರ್ಷಕ್ಕಿಂತ ತುಸು ಹೆಚ್ಚು. ಚಿಟ್ಟೆಗಳು ಹಗಲಿಗೆ ಹೊರಳಿದ್ದು ಅದರ ಸುಮಾರು ಎರಡರಷ್ಟು ಹಿಂದೆ. ಹುಟ್ಟದ ಶತ್ರುವಿಗೆ ಯಾರು ಹೆದರುತ್ತಾರೆ? ಹೂಬಿಡುವ ಗಿಡಗಳು ಹರಡುತ್ತಿದ್ದ ಕಾಲ ಅದು, ಜೇನ್ನೊಣಗಳ ಪೂರ್ವಜರು ಆ ಹೂಗಳನ್ನು ಸುತ್ತುತ್ತಿದ್ದ ಕಾಲ. ಹಗಲು ತೆರೆದಿದ್ದ ಮಕರಂದದ ಅಂಗಡಿಗೆ ಗಿರಾಕಿಯಾಗಿ ಬಂದವು ಎನ್ನುವುದು ಈಗಿನ ಒಲವು.

ಈ ಸಲದ ಮಳೆಗಾಲದಲ್ಲಿ ಕಣಗಿಲೆಯ ಬೆಳ್ಳಿ ಜುಮಕಿ ಒಂಬತ್ತನೆಯ ದಿನ ಕಪ್ಪಾಯಿತು. ಮರುದಿನ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಕ್ರೋ ಹೊರಬಂದು ರೆಕ್ಕೆ ಜೋತುಬಿಟ್ಟು ಒಣಗಿಸುತ್ತಿತ್ತು. ಹುಡುಗಿ ನೆಲಕ್ಕೆ ಮಂಡಿಯೂರಿ ಕಾಲು ಎಣಿಸಿದಳು. “ನಾಲ್ಕೇ ಅಂಕಲ್!” ಹಸಿರು ಹುಳುವನ್ನು ಹಳೆಯ ಪೇಂಟಿನ ಡಬ್ಬಿಯಲ್ಲಿ ಮಣ್ಣು, ತರಗೆಲೆ ಹಾಕಿ ಇಟ್ಟಿದ್ದೆವು. ಎರಡು ವಾರ ದಾಟಿದ ಮೇಲೆ ಒಂದು ಸಂಜೆ ಏಳರ ಸುಮಾರಿಗೆ ತರಗೆಲೆ ಸರಪರ ಎಂದಿತು. ಮುದುರಿದ ಗುಲಾಬಿ-ಹಸಿರು ಬಟ್ಟೆಯಂಥದೊಂದು ಡಬ್ಬಿಯ ಅಂಚು ಹತ್ತಿ, ಕಣಗಿಲೆಯ ಕಾಂಡ ಹಿಡಿದು, ನೋಡನೋಡುತ್ತ ರೆಕ್ಕೆಗೆ ರಸ ಹರಿಸಿಕೊಂಡು ಬಿಚ್ಚಿಕೊಂಡಿತು. ಮೆಟ್ಟಿಲಿನ ಟ್ಯೂಬ್‌ಲೈಟನ್ನು ಹುಡುಗಿಯೇ ಹೋಗಿ ಆರಿಸಿ ಬಂದಳು.

ಅಜ್ಜಿ ಮೊಬೈಲಿನ ಬೆಳಕು ಓರೆಯಾಗಿ ಹಿಡಿದು ಡಬ್ಬಿಯಲ್ಲಿ ಉಳಿದ ಖಾಲಿ ಕೋಶವನ್ನು ಎತ್ತಿ ನೋಡಿದರು. ಉಗುರಿನಿಂದ ಕೆರೆದರು.

“ಇದ್ರಲ್ಲಿ ನೂಲು ಬರಾಕಿಲ್ವೇನಪ್ಪಾ?”

“ಇಲ್ಲ ಅಜ್ಜಿ. ನಾಲ್ಕೆಳೆ ಇದ್ದರೆ ಹೆಚ್ಚು.”

“ಅಂಗಾದ್ರೆ ಬಿಸ್ನೀರು ತಪ್ಪಿಸ್ಕಂತು ಬುಡು,” ಎಂದು ಅಜ್ಜಿ ಕೋಶವನ್ನು ಮೊಮ್ಮಗಳ ಅಂಗೈಗೆ ಹಾಕಿದರು.